ಮಕ್ಕಳ ಆಟಗಳು ಹಳೆಯ ಆಚರಣೆಗಳ ಪಳೆಯುಳಿಕೆಗಳೇ?

ಪ್ರಶ್ನೆ

ಮಕ್ಕಳ ಆಟಗಳ ಚರಿತ್ರೆಯನ್ನು ಕುರಿತು ಓದುವಾಗಲೆಲ್ಲ ಒಂದೇ ಬಗೆಯ ವಿವರಣೆ ಎದುರಾಗುತ್ತದೆ. ಇಂದು ಬರೀ ಆಟವೆನಿಸುವುದು ಒಂದು ಕಾಲಕ್ಕೆ ದೊಡ್ಡವರ ಬಲಿ, ಮದುವೆ, ಕಾಳಗ ಅಥವಾ ಶಕುನ ನೋಡುವ ಕ್ರಮವಾಗಿತ್ತು, ಅವರು ಕೈಬಿಟ್ಟ ಮೇಲೆ ಮಕ್ಕಳ ಪಾಲಿಗೆ ಬಂತು ಎಂಬುದು ಅದರ ಸಾರ. 'ರಿಂಗ್ ಎ ರಿಂಗ್ ಓ ರೋಸಸ್' ಹಾಡು ಪ್ಲೇಗಿನ ನೆನಪು ಎಂಬ ಮಾತಂತೂ ಎಲ್ಲೆಡೆ ಕೇಳಿಬರುತ್ತದೆ. ಇದಕ್ಕೆಲ್ಲ ಆಧಾರವಿದೆಯೇ? ಇಲ್ಲವಾದರೆ ಆಟಗಳ ಸಾಂಸ್ಕೃತಿಕ ಮಹತ್ವವನ್ನು ಯಾವ ನೆಲೆಯಿಂದ ನೋಡಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಪ್ಲೇಗಿನ ಕಥೆಯನ್ನು ಮೊದಲು ಬದಿಗಿಡಬಹುದು. ಲಂಡನ್ನಿನ ಮಹಾಪ್ಲೇಗು ಬಂದದ್ದು 1665ರಲ್ಲಿ. ಆ ಹಾಡು ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಎರಡನ್ನೂ ಜೋಡಿಸುವ ವಿವರಣೆ ಜನಜನಿತವಾದದ್ದು ಎರಡನೆಯ ಮಹಾಯುದ್ಧದ ನಂತರ. ಪ್ಲೇಗಿನ ಲಕ್ಷಣವೆಂದು ಆ ವಿವರಣೆ ಎತ್ತಿ ತೋರಿಸುವ ಸೀನಿನ ಪ್ರಸ್ತಾಪವೇ ಹಾಡಿನ ಎಷ್ಟೋ ಪಾಠಾಂತರಗಳಲ್ಲಿ ಇಲ್ಲ.

ಆದರೆ ಈ ಯೋಚನಾಕ್ರಮಕ್ಕೆ ಗೌರವಾನ್ವಿತ ಹಿನ್ನೆಲೆಯಿದೆ. ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1871ರಲ್ಲಿ ಆಟಿಕೆಯ ಬಿಲ್ಲುಬಾಣದಂಥವುಗಳನ್ನು ಹಿಂದಿನ ಬದುಕಿನ ಉಳಿಕೆಗಳೆಂದು ಕರೆದರು. ಜಾನಪದ ವಿದ್ವಾಂಸೆ ಆಲಿಸ್ ಗಾಮ್ 1890ರ ದಶಕದಲ್ಲಿ ಬ್ರಿಟನ್ನಿನ ಆಟಗಳನ್ನು ಎರಡು ಸಂಪುಟಗಳಲ್ಲಿ ಸಂಗ್ರಹಿಸಿ, 'ಲಂಡನ್ ಬ್ರಿಡ್ಜ್' ಹಾಡಿನೊಂದಿಗೆ ಆಡುವ ಸೇತುವೆ ಬೀಳುವ ಆಟದಲ್ಲಿ ಅಡಿಪಾಯಕ್ಕೆ ನರಬಲಿ ಕೊಡುವ ಪದ್ಧತಿಯ ನೆರಳನ್ನು ಕಂಡರು. ಸಂಗ್ರಹ ಇಂದಿಗೂ ಅಮೂಲ್ಯ. ವ್ಯಾಖ್ಯಾನ ಮಾತ್ರ ಊಹೆಯೆಂದೇ ನನ್ನ ಅಭಿಪ್ರಾಯ.

ಪ್ರಾಚೀನ ಗ್ರೀಸಿನ ಮೂಳೆಯಾಟವನ್ನೇ ನೋಡಿ. ಕುರಿಯ ಹಿಂಗಾಲಿನ ಕೀಲಿನ ಸಣ್ಣ ಮೂಳೆಗಳನ್ನು ಮೇಲಕ್ಕೆಸೆದು ಅಂಗೈಯ ಹಿಂಬದಿಯಲ್ಲಿ ಹಿಡಿಯುವುದು ಹೆಂಗಸರ, ಮಕ್ಕಳ ಆಟ. ಅವೇ ಮೂಳೆಗಳು ಗಂಡಸರ ಜೂಜಿಗೆ ದಾಳಗಳು. ಭವಿಷ್ಯ ಕೇಳುವವರಿಗೆ ಶಕುನದ ಸಾಧನ. ಈ ಮೂರೂ ಒಂದೇ ಸಮಾಜದಲ್ಲಿ ಜೊತೆಜೊತೆಗೆ ನಡೆಯುತ್ತಿದ್ದಾಗ, ಶಕುನವು ಸವೆದು ಸವೆದು ಆಟವಾಯಿತು ಎನ್ನುವುದಕ್ಕೆ ಅವಕಾಶವೆಲ್ಲಿದೆ?

ಉತ್ತರ 2

ಹಿಂದಿನವರ ಮಾತಿಗೆ ನನ್ನ ಸಹಮತವಿದೆ. ಪ್ರಶ್ನೆಯ ಎರಡನೆಯ ಭಾಗಕ್ಕೆ ಬರುತ್ತೇನೆ: ನನ್ನ ದೃಷ್ಟಿಯಲ್ಲಿ ಆಟದ ಮಹತ್ವವಿರುವುದು ಅದು ಎಲ್ಲಿಂದ ಬಂತು ಎಂಬುದರಲ್ಲಲ್ಲ, ಅದರ ನಿಯಮಗಳನ್ನು ಮಕ್ಕಳು ದೊಡ್ಡವರ ಹಂಗಿಲ್ಲದೆ ಹೇಗೆ ನಡೆಸಿಕೊಂಡು ಹೋಗುತ್ತಾರೆ ಎಂಬುದರಲ್ಲಿ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಜಿನೀವಾ ಮತ್ತು ನೂಶಾಟೆಲ್‌ಗಳ ಹುಡುಗರ ಕೈಗೆ ಗೋಲಿಗಳನ್ನು ಕೊಟ್ಟು, ತಮಗೆ ಆಟ ಮರೆತುಹೋಗಿದೆಯೆಂದು ನಟಿಸಿ, ಕಲಿಸಿಕೊಡುವಂತೆ ಕೇಳಿದರು. ನಿಯಮಗಳನ್ನು ಮಾಡಿದವರು ಯಾರೆಂದು ವಿಚಾರಿಸಿದಾಗ ಚಿಕ್ಕ ಮಕ್ಕಳು ಅಪ್ಪನನ್ನೋ ದೇವರನ್ನೋ ಊರಿನ ಅಧಿಕಾರಿಗಳನ್ನೋ ಹೆಸರಿಸಿದರು. ಅವರ ಪಾಲಿಗೆ ನಿಯಮವೆಂದರೆ ಮುಟ್ಟಬಾರದ ವಸ್ತು. (ಆಡುವಾಗ ಅದೇ ಮಕ್ಕಳು ತಮ್ಮ ಪಾಡಿಗೆ ತಾವು ಆಡುತ್ತಿದ್ದರು ಎಂಬುದು ಬೇರೆ ಮಾತು.) ಹತ್ತು ಹನ್ನೊಂದು ದಾಟಿದವರಾದರೋ, ಎಲ್ಲರೂ ಒಪ್ಪಿದರೆ ನಿಯಮವನ್ನು ಬದಲಾಯಿಸಬಹುದು ಎನ್ನುತ್ತಿದ್ದರು. ಪಿಯಾಜೆಯವರು 1932ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಗೋಲಿಯಾಟವು ನೈತಿಕ ವಿವೇಚನೆ ಬೆಳೆಯುವ ಬಗೆಯನ್ನು ಕಾಣುವ ಕಿಂಡಿಯಾಯಿತು.

ಇದಕ್ಕೆ ಬ್ರಿಟನ್ನಿನ ಮಕ್ಕಳ ಜಾನಪದವನ್ನು ಸಂಗ್ರಹಿಸಿದ ಐಯೋನಾ ಮತ್ತು ಪೀಟರ್ ಓಪಿ ದಂಪತಿಗಳು ಕಂಡದ್ದನ್ನು ಸೇರಿಸಬೇಕು. ಸುಮಾರು 5,000 ಶಾಲಾಮಕ್ಕಳಿಂದ ಸಂಗ್ರಹಿಸಿ 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು, ಓಡಿ ಸುಸ್ತಾದ ಮಗು ಬೆರಳು ಹೆಣೆದು ಒಂದು ಮಾತು ಕೂಗಿದರೆ ಯಾರೂ ಅದನ್ನು ಮುಟ್ಟುವಂತಿಲ್ಲ ಎಂಬ ಪದ್ಧತಿಯನ್ನು ದಾಖಲಿಸಿದ್ದಾರೆ. ಕೂಗುವ ಮಾತು ಬ್ರಿಟನ್ನಿನ ಒಂದೊಂದು ಸೀಮೆಗೆ ಒಂದೊಂದು; ವಿನಾಯಿತಿ ಮಾತ್ರ ಎಲ್ಲೆಡೆ ಮಾನ್ಯ. ಯಾವ ಶಿಕ್ಷಕರೂ ಕಲಿಸದ, ಎಲ್ಲೂ ಬರೆದಿಡದ ಈ ಕಾನೂನು ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಸಾಗಿಬಂದಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ: ಮಕ್ಕಳು ದೊಡ್ಡವರನ್ನು ಅನುಕರಿಸುವುದು ಸುಳ್ಳಲ್ಲವಲ್ಲ? 1560ರಲ್ಲಿ ಪೀಟರ್ ಬ್ರೂಗಲ್ ರಚಿಸಿದ, ಈಗ ವಿಯೆನ್ನಾದಲ್ಲಿರುವ ಚಿತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳು ಆಡುತ್ತಿದ್ದಾರೆ; ಬಳೆ ಉರುಳಿಸುವವರು, ಮರಗಾಲು ಕಟ್ಟಿಕೊಂಡವರು, ಮೂಳೆಯಾಟದವರ ನಡುವೆ ಮದುವೆಯ ಮೆರವಣಿಗೆಯನ್ನು ಅಣಕಿಸುವ ಗುಂಪೂ ಇದೆ.

ಉತ್ತರ 3

ಅನುಕರಣೆ ಇದ್ದೇ ಇದೆ. ಆದರೆ ಬ್ರೂಗಲ್ ಕಾಲದ ಮಕ್ಕಳು ಅನುಕರಿಸಿದ್ದು ತಮ್ಮ ಕಣ್ಣೆದುರಿಗೆ ನಡೆಯುತ್ತಿದ್ದ ಮದುವೆಯನ್ನೇ ಹೊರತು ದೊಡ್ಡವರು ಮರೆತುಬಿಟ್ಟ ಆಚರಣೆಯನ್ನಲ್ಲ. ಟೈಲರ್ ಹೇಳಿದ ಉಳಿಕೆಗೂ ಇದಕ್ಕೂ ಬಹಳ ಅಂತರವಿದೆ.

ಇಷ್ಟಕ್ಕೂ ದಾರಿ ಒಮ್ಮುಖವಲ್ಲ. ಇಂಗ್ಲೆಂಡಿನ ವಸತಿಶಾಲೆಗಳ ಹುಡುಗರು ತಮ್ಮ ತಮ್ಮ ಅಂಗಳಕ್ಕೆ ಹೊಂದುವಂತೆ ಚೆಂಡಾಟಕ್ಕೆ ಬೇರೆ ಬೇರೆ ಕಟ್ಟಳೆಗಳನ್ನು ಮಾಡಿಕೊಂಡಿದ್ದರು. ಅವರೇ ಬೆಳೆದು ಒಟ್ಟಿಗೆ ಆಡಹೊರಟಾಗ ಯಾರ ನಿಯಮ ನಡೆಯಬೇಕೆಂಬ ಜಗಳ ಹುಟ್ಟಿತು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗಿ ನಿಯಮಗಳು ಲಿಖಿತರೂಪಕ್ಕೆ ಬಂದದ್ದು ಹೀಗೆ. ಆಗಲೂ, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವುದನ್ನು ನಿಷೇಧಿಸಬಾರದೆಂದು ಹಟ ಹಿಡಿದ ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಸಂಘವನ್ನೇ ಬಿಟ್ಟು ಹೊರನಡೆದು, ಮುಂದೆ ರಗ್ಬಿಯ ಕಡೆಗೆ ಸೇರಿಕೊಂಡರು.