ಅಪ್‌ಡೇಟ್: ತಾಣ ನಿಧಾನವಾಗಲು ಹೋಸ್ಟಿಂಗ್ ಕಾರಣವಾಗಿರಲಿಲ್ಲ

ನನ್ನ ವರ್ಡ್‌ಪ್ರೆಸ್ ತಾಣವು ಮೊಬೈಲಿನಲ್ಲಿ ತೀರಾ ನಿಧಾನವಾಗಿ ತೆರೆದುಕೊಳ್ಳುತ್ತಿದೆ, ಹೋಸ್ಟಿಂಗ್ (ತಾಣವನ್ನು ಇರಿಸುವ ಸರ್ವರ್ ಸೇವೆ) ಬದಲಿಸಬೇಕೇ ಎಂದು ಹಿಂದೆ ಕೇಳಿದ್ದೆ. ಮೊದಲು ಅಳೆದು ನೋಡಿ, ಆಮೇಲೆ ಬದಲಿಸಿ ಎಂದು ಸಲಹೆ ನೀಡಿದವರಿಗೆ ನಾನು ನಿಜಕ್ಕೂ ಋಣಿ.

ತಾಣದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಪರೀಕ್ಷಿಸಿದಾಗ ಸರ್ವರಿನ ಮೊದಲ ಪ್ರತಿಕ್ರಿಯೆ ಬೇಗನೆ ಬರುತ್ತಿತ್ತು, ಅಂದರೆ ತೊಂದರೆ ಹೋಸ್ಟಿಂಗ್‌ನದಾಗಿರಲಿಲ್ಲ. ಆದರೆ ಪರದೆಯ ಅತಿದೊಡ್ಡ ಅಂಶ ಕಾಣಿಸಿಕೊಳ್ಳಲು ಹಿಡಿಯುವ ಸಮಯ, ಅಂದರೆ ಎಲ್‌ಸಿಪಿ, ಉತ್ತಮವೆಂದು ಪರಿಗಣಿಸಲಾಗುವ 2.5 ಸೆಕೆಂಡುಗಳ ಮಿತಿಯನ್ನು ಬಹಳವೇ ಮೀರಿತ್ತು. ಲೇಖನದ ಮೇಲ್ಭಾಗದ ಚಿತ್ರವನ್ನು ಕ್ಯಾಮೆರಾದಿಂದ ಬಂದ ಗಾತ್ರದಲ್ಲೇ ಏರಿಸಿದ್ದೆ. ಅದರ ಜೊತೆಗೆ ಎಲ್ಲ ಚಿತ್ರಗಳಿಗೂ ಲೇಜಿ ಲೋಡಿಂಗ್ (ಓದುಗರು ಹತ್ತಿರ ಬರುವವರೆಗೆ ಚಿತ್ರ ಇಳಿಸದಿರುವ ವಿಧಾನ) ಹಾಕಿದ್ದರಿಂದ, ಓದುಗರಿಗೆ ಮೊದಲು ಕಾಣಬೇಕಾದ ಚಿತ್ರವೇ ತಡವಾಗಿ ಇಳಿಯುತ್ತಿತ್ತು. ಆ ಒಂದು ಚಿತ್ರಕ್ಕೆ ಲೇಜಿ ಲೋಡಿಂಗ್ ತೆಗೆದು, ಉಳಿದವಕ್ಕೆ ಹಾಗೆಯೇ ಬಿಟ್ಟು, ಎಲ್ಲವನ್ನೂ ಪರದೆಗೆ ತಕ್ಕಂತೆ ಕುಗ್ಗಿಸಿ, ಕಡತದ ಗಾತ್ರ ಕಿರಿದಾಗಿಸುವ ವೆಬ್‌ಪಿ ಚಿತ್ರರೂಪಕ್ಕೆ ಬದಲಿಸಿದೆ. ಚಿತ್ರಗಳ ಅಗಲ ಮತ್ತು ಎತ್ತರವನ್ನು ನಮೂದಿಸಿದ ಮೇಲೆ ಓದುವಾಗ ಸಾಲುಗಳು ಜಿಗಿಯುವುದೂ ನಿಂತಿತು.

ಕನ್ನಡ ತಾಣಗಳವರು ಫಾಂಟಿನ ಕಡೆಗೂ ಗಮನ ಕೊಡಬೇಕೆಂದು ನನ್ನ ಕಳಕಳಿಯ ವಿನಂತಿ. ಒತ್ತಕ್ಷರ, ಗುಣಿತಾಕ್ಷರಗಳ ರೂಪಗಳೆಲ್ಲ ಸೇರುವುದರಿಂದ ಕನ್ನಡ ಫಾಂಟಿನ ಕಡತವು ಸಾಮಾನ್ಯವಾಗಿ ಲ್ಯಾಟಿನ್ ಫಾಂಟಿಗಿಂತ ದೊಡ್ಡದಾಗಿರುತ್ತದೆ. ನಾನು ಫಾಂಟಿನ ನಾಲ್ಕು ತೂಕಗಳ (ಅಕ್ಷರದ ದಪ್ಪದ ಬಗೆಗಳ) ಬದಲು ಎರಡನ್ನೇ ಉಳಿಸಿಕೊಂಡು, ವೆಬ್‌ಗಾಗಿ ಕುಗ್ಗಿಸಿದ ವಾಫ್2 ಫಾಂಟ್ ರೂಪದಲ್ಲಿ ನೀಡಿ, ಫಾಂಟ್ ಇಳಿಯುವವರೆಗೆ ಸಾಧನದ ಸ್ವಂತ ಫಾಂಟಿನಲ್ಲಿ ಪಠ್ಯ ಕಾಣುವಂತೆ ಸ್ವ್ಯಾಪ್ ಆಯ್ಕೆಯನ್ನು ಬಳಸಿದೆ.

ಬಳಸದ ಪ್ಲಗಿನ್‌ಗಳನ್ನೂ (ತಾಣಕ್ಕೆ ಸೇರಿಸುವ ಹೆಚ್ಚುವರಿ ತಂತ್ರಾಂಶಗಳನ್ನೂ) ತೆಗೆದಿದ್ದೇನೆ. ಈಗ ಎಲ್‌ಸಿಪಿ ಮಿತಿಯೊಳಗಿದೆ. ಹಳೆಯ ಹೋಸ್ಟಿಂಗನ್ನೇ ಮುಂದುವರಿಸುತ್ತಿದ್ದೇನೆ.