ಜಪಾನಿ ವಾಕ್ಯದಾಗ ಕರ್ತೃ ಯಾವ್ದು ಅಂತ ಹ್ಯಾಂಗ ಗೊತ್ತಾಗ್ತದ?

ಗಂಜ್‌ಹುಡುಗ, ಕಲಬುರಗಿ:
ಡಿಸೆಂಬರ್‌ನಾಗ ಜೆಎಲ್‌ಪಿಟಿ ಎನ್5 (ಜಪಾನಿ ಭಾಷಾ ಪರೀಕ್ಷಾದ ಮೊದಲ ಹಂತ) ಬರೀಬೇಕು ಅಂತ ಮನ್ಯಾಗೇ ಓದ್ಲಿಕತ್ತೀನ್ರಿ. 'ವಾ' ಹತ್ತಿದ್ದು ಕರ್ತೃ ಅಂತ ಒಂದು ವಿಡಿಯೋದಾಗ ಹೇಳ್ಯಾರ. ಹಂಗಾದ್ರ 'ಜೋ ವಾ ಹಾನಾ ಗಾ ನಾಗಾಯ್' (ಆನೆ ಸೊಂಡಿಲು ಉದ್ದ) ಅನ್ನೋದ್ರಾಗ ಕರ್ತೃ ಆನೆನೋ, ಸೊಂಡಿಲೋ? ಮತ್ತ ಕೆಲವು ಕಡೆ ಬರೇ 'ಇಕಿಮಾಶಿತಾ' (ಹೋಗಿದ್ದು) ಅಂತ ಇರ್ತದ. ಹೋದೋರು ಯಾರ್ರಿ?

ಬೀದರ್‌ಅಕ್ಕ:
ತಮ್ಮಾ, 'ವಾ' ಕರ್ತೃನ ಗುರುತಲ್ಲ. ಯಾರ ಸುದ್ದಿ ತೆಗೀತೀವೋ ಅದನ್ನ ಮುಂದ ಇಡ್ತದ, ಅಷ್ಟೇ. ಇಲ್ಲಿ ಆನೆ ಸುದ್ದಿ ತೆಗದೀವಿ. ಉದ್ದ ಇರೋದು ಸೊಂಡಿಲು. 'ಗಾ' ಅದಕ್ಕ ಹತ್ತ್ಯದ, ಕರ್ತೃ ಅದೇ.

ದಯಮಾಡಿ ಇಂಗ್ಲಿಷ್ ಮ್ಯಾಲಿಂದ ಹೋಗಬ್ಯಾಡ. 'ನನಗ ಬೆಕ್ಕು ಇಷ್ಟ' ಅಂತೀವಿ, 'ಬೆಕ್ಕನ್ನ ಇಷ್ಟ' ಅನ್ನಂಗಿಲ್ಲ. ಅವರೂ 'ವಾತಾಶಿ ವಾ ನೆಕೊ ಗಾ ಸುಕಿ ದೆಸು' ಅಂತ ಬೆಕ್ಕಿಗೇ 'ಗಾ' ಹಚ್ತಾರ. ತಿಳಿಯೋದಕ್ಕ 'ವಾಕಾರು', ಬೇಕು ಅನ್ನೋದಕ್ಕ 'ಹೋಶೀ', ತಲಿನೋವಿಗಿ 'ಆತಾಮಾ ಗಾ ಇತಾಯ್', ಎಲ್ಲಾ ಇದೇ ಅಚ್ಚು. ಕನ್ನಡದ ಮಕ್ಕಳಿಗಿ ಇಷ್ಟು ಸಲೀಸಾಗಿ ಸಿಗೋದನ್ನ ಸುತ್ತು ಹಾಕಿಸಿ ಕಲಿಸ್ತಾರಲ್ಲ, ನನಗ ಅದೇ ಸಂಕಟ.

ಇನ್ನೊಂದು ಗಟ್ಟಿ ಮಾಡ್ಕೊ: 'ಯಾರು', 'ಏನು' ಕರ್ತೃ ಆದಾಗ 'ಗಾ'ನೇ. 'ದಾರೆ ಗಾ ಕಿಮಾಶಿತಾ ಕಾ' (ಯಾರು ಬಂದ್ರು?) ಅಂತ ಕೇಳಿದ್ರ ಉತ್ತರದಾಗೂ ಬಂದೋರ ಹೆಸರಿಗಿ 'ಗಾ'.

ಭೀಮಾತೀರ, ಯಾದಗಿರಿ:
ಅಕ್ಕಾರು ಹೇಳಿದ್ದು ಖರೆ. 'ಇಕಿಮಾಶಿತಾ' ಬಗ್ಗೆ ನಾ ಹೇಳ್ತೀನಿ. ನಮ್ಮಲ್ಲಿ 'ಹೋದೆ', 'ಹೋದಳು' ಅಂದ್ರ ಕ್ರಿಯಾಪದನೇ ಆಳು ತೋರಿಸ್ತದ. ಜಪಾನಿ ಕ್ರಿಯಾಪದಕ್ಕ ಪುರುಷನೂ ಇಲ್ಲ, ಲಿಂಗ, ವಚನನೂ ಇಲ್ಲ. ಹಿಂದಿನ ಮಾತು ನೋಡ್ಬೇಕು. 'ಓಕಾಸಾನ್ ವಾ?' (ಅವ್ವಾರು ಎಲ್ಲಿ?) ಅಂತ ಕೇಳಿದಾಗ 'ಶಹಾಬಾದ್ ನಿ ಇಕಿಮಾಶಿತಾ' ಅಂದ್ರ ಹೋದೋರು ಅವ್ವ. ಅದೇ ಮಾತು ಡೈರಿಯಾಗ ಇದ್ರ ಬರದೋರೇ ಹೋಗ್ಯಾರ. ಕೆಲವು ಕ್ರಿಯಾಪದ ತಾವೇ ದಿಕ್ಕು ಹೇಳ್ತಾವ: 'ಕುರೆಮಾಶಿತಾ' ಅಂದ್ರ ಬ್ಯಾರೇದೋರು ನನಗೋ ನಮ್ಮೋರಿಗೋ ಕೊಟ್ರು, 'ಆಗೆಮಾಶಿತಾ' ಅಂದ್ರ ನಮ್ಮ ಕಡಿಯಿಂದ ಆ ಕಡಿ ಹೋಯ್ತು.

ಗಂಜ್‌ಹುಡುಗ:
ಭಾಳ ಉಪಕಾರ ಆಯ್ತ್ರಿ. 'ಮಿಜು ಗಾ ನೊಮಿತಾಯ್', 'ಮಿಜು ಓ ನೊಮಿತಾಯ್' (ನೀರು ಕುಡೀಬೇಕು ಅನಸ್ತದ) ಎರಡೂ ನೋಡೀನಿ. ಯಾವ್ದು ಸರಿ ಅಕ್ಕಾ?

ಬೀದರ್‌ಅಕ್ಕ:
ಎರಡೂ ನಡೀತಾವ. ಕುಡಿಯೋದಕ್ಕ ನೀರು ಕರ್ಮ, ಅದಕ್ಕ 'ಓ'. 'ತಾಯ್' ಹತ್ತಿ ಆಸೆ ಆದಾಗ 'ಗಾ'ನೂ ಬರ್ತದ. 'ಸುಕಿ'ಗಿ ಮಾತ್ರ ಪರೀಕ್ಷಾದಾಗ 'ಗಾ'ನೇ ಬರಿ.