ಹರಿಕೇನ್ ಹೋಯ್ತು, ಫೆಮಾ ದುಡ್ಡು ಯಾವಾಗ ಬರುತ್ತೆ?

(ಅಮೆರಿಕದ ಕನ್ನಡಿಗರ ಗುಂಪು. ಉತ್ತರಿಸುವವರು ಫೆಮಾ, ಅಂದರೆ ವಿಪತ್ತು ನೆರವು ಕೊಡುವ ಅಮೆರಿಕದ ಫೆಡರಲ್ ಸಂಸ್ಥೆಯ ಫೈಲುಗಳ ಕೆಲಸ ಮಾಡುವ ಎಂಜಿನಿಯರ್.)

ಟೌನ್ ಲೆಕ್ಕಿಗ: ಸರ್, ನಾರ್ತ್ ಕೆರೊಲಿನಾದ ಸಣ್ಣ ಟೌನ್ ನಮ್ಮದು. 2024ರ ಹೆಲೀನ್ ಚಂಡಮಾರುತಕ್ಕೆ ಎರಡು ಮೋರಿ ಕೊಚ್ಚಿಹೋದವು. ಒಂದಕ್ಕೆ 24 ಇಂಚಿನ ಪೈಪ್ ಬದಲು 48 ಇಂಚಿನದು ಹಾಕಿಸಿದ್ದೇವೆ. ನಾಳೆ ಎರಡನೆಯದು. ದುಡ್ಡು ಬೇಗ ಬರಲು ಏನು ಮಾಡಬೇಕು?

ಎಂಜಿನಿಯರ್: ಮೊದಲು ನಾಳೆಯ ಕೆಲಸ ನಿಲ್ಲಿಸಿ! ಹಳೇ ಅಳತೆಗೇ ಕಟ್ಟಿದರೆ ಒಂದು ಲೆಕ್ಕ, ದೊಡ್ಡದು ಮಾಡಿದರೆ ಬೇರೆ ಲೆಕ್ಕ. ಮೋರಿ ಹಿಗ್ಗಿದರೆ ಕೆಳಗಿನವರ ಹೊಲಕ್ಕೆ ನೀರು ಜಾಸ್ತಿ ನುಗ್ಗುತ್ತದೆ. ಅದಕ್ಕೇ ಪರಿಸರ ಪರಿಶೀಲನೆ ಮುಗಿಯುವ ಮುಂಚೆ ಅಗೆದರೆ ಆ ಕಾಮಗಾರಿಯ ಹಣವೇ ಕೈತಪ್ಪಬಹುದು. ಮೊದಲನೆಯದರ ವಿಷಯ ಮುಚ್ಚಿಡಬೇಡಿ, ಇವತ್ತೇ ರಾಜ್ಯದವರಿಗೆ ಹೇಳಿ. ಕೊಚ್ಚಿಹೋದ ದಿನದ ಫೋಟೋ, ಹಳೇ ಪೈಪಿನ ಅಳತೆ, ಹಿಂದೆ ರಿಪೇರಿ ಮಾಡಿಸಿದ ಬಿಲ್ಲು ಹುಡುಕಿ. ಸುಮಾರು 10 ಲಕ್ಷ ಡಾಲರ್ ಒಳಗಿದ್ದರೆ ಅದು ಸಣ್ಣ ಪ್ರಾಜೆಕ್ಟ್. ಅಂದಾಜಿನ ಮೇಲೇ ಮಂಜೂರಾಗುತ್ತದೆ. 2022ರ ಆಗಸ್ಟ್‌ಗೆ ಮುಂಚೆ ಈ ಮಿತಿ 1,39,800 ಡಾಲರ್ ಇತ್ತು, ಆಗಿನ ಪಾಡು ಬೇಡ. ಈಗಿನ ಮಿತಿ ಮೀರಿದರೆ ನೀವು ಖರ್ಚು ಮಾಡಿ, ಬಿಲ್ ಕೊಟ್ಟು ವಾಪಸ್ ಪಡೆಯಬೇಕು.

ಸದಸ್ಯ: ಫಾರ್ವರ್ಡ್ ಬಂದಿದೆ. ಖರ್ಚಿನ ಮೇಲೆ ಶೇಕಡಾ 15 ಕೊಡ್ತೀವಿ ಅಂತ ಒಬ್ಬನೇ ಗುತ್ತಿಗೆದಾರನಿಗೆ ಎಲ್ಲ ವಹಿಸಿದರೆ 30 ದಿನದಲ್ಲಿ ಹಣ ಬರುತ್ತದಂತೆ.

ಎಂಜಿನಿಯರ್: ದಯವಿಟ್ಟು ಅಳಿಸಿ. ಖರ್ಚಿನ ಮೇಲೆ ಶೇಕಡಾವಾರು ಲಾಭ ಕೊಡುವ ಒಪ್ಪಂದಕ್ಕೆ ಫೆಡರಲ್ ನಿಯಮದಲ್ಲೇ ನಿಷೇಧವಿದೆ. 30 ದಿನ ಇರುವುದು ನೀವು ಅರ್ಜಿ ಹಾಕುವುದಕ್ಕೆ, ಅವರು ಹಣ ಕೊಡುವುದಕ್ಕಲ್ಲ.

ಇನ್ನೊಬ್ಬರು: ಹೆದ್ದಾರಿಗೂ ಫೆಮಾನೇ ಕೊಡುತ್ತಾ?

ಎಂಜಿನಿಯರ್: ಫೆಡರಲ್ ನೆರವಿನ ಹೆದ್ದಾರಿಯಾದರೆ ಫೆಡರಲ್ ಹೆದ್ದಾರಿ ಇಲಾಖೆ. ಮೊದಲ 270 ದಿನದ ತುರ್ತು ರಿಪೇರಿಗೆ ಪೂರ್ತಿ ಖರ್ಚು ಅವರದೇ.

ಮತ್ತೊಬ್ಬರು: ಸುಮ್ನೆ ಸತಾಯಿಸೋದು ಸರ್ಕಾರದ ಚಟ. ಇಷ್ಟೊಂದು ಕಾಗದ ಯಾಕೆ?

ಸದಸ್ಯ: ನಮ್ಮ ತೆರಿಗೆ ಅಲ್ವಾ? 2017ರಲ್ಲಿ ಮರಿಯಾ ಚಂಡಮಾರುತ ಆದಮೇಲೆ ಪೋರ್ಟೊ ರಿಕೊದಲ್ಲಿ 30 ಕೋಟಿ ಡಾಲರ್ ವಿದ್ಯುತ್ ಗುತ್ತಿಗೆ ಕೊಟ್ಟು ರದ್ದು ಮಾಡಿದ್ದು ಮರೆತಿರಾ?

ಮತ್ತೊಬ್ಬರು: ಕತ್ತಲಲ್ಲಿ ಕೂತಿದ್ದವರು ನೀವಲ್ಲವಲ್ಲ!

ಸದಸ್ಯ: ಫಾರ್ವರ್ಡ್ ನಂಬಿದ್ದು ತಪ್ಪು, ಒಪ್ಪಿದೆ. ನಿಮ್ಮ ಪಾಠ ಬೇಡ.

ಹೊಸಬರು: ದೇವಸ್ಥಾನಕ್ಕೂ ಸಿಗುತ್ತಾ ಸರ್?

ಇನ್ನೊಬ್ಬರು: 30 ದಿನದಲ್ಲಿ ಹಣ ಬರುತ್ತಂತೆ, ನಿಜವಾ?

ಎಂಜಿನಿಯರ್: ಮೇಲೆ ಓದಿ.

ಟೌನ್ ಲೆಕ್ಕಿಗ: ಕೆಲಸ ನಿಲ್ಲಿಸಿದೆ ಸರ್. ಹಳೇ ಫೋಟೋ ಸಿಕ್ಕಿತು. ಟೇಪ್ ಹಿಡಿದಿಲ್ಲ, ಪೈಪಿನ ಪಕ್ಕ ಯಾರದೋ ಬೂಟು ಇದೆ.

ಎಂಜಿನಿಯರ್: ಬೂಟಾದರೂ ಇದೆಯಲ್ಲ, ಅಂದಾಜಿಗೆ ಬರುತ್ತದೆ. ಕಳಿಸಿ.